ಸೋಡಚೀಟಿ ಬರೆದರೆ ಎಲ್ಲ ಹಕ್ಕೂ ಮುಗೀತಾ?

ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾಗುವುದೇ ಮಗ್ಗದ ಸಪ್ಪಳದಿಂದ. ನಾವಿಬ್ಬರು ಅಕ್ಕತಂಗಿಯರು ಆ ಸಪ್ಪಳದಲ್ಲೇ ಓದಿ ಪತ್ರಿಕೋದ್ಯಮದ ಪದವಿ ಪಡೆದೆವು. ಊರವರ ಕಷ್ಟ ಬರೆಯುತ್ತ ತಿರುಗಿದ ನಮಗೆ ನಮ್ಮ ಮನೆಯದೇ ಒಂದು ಕಷ್ಟ ಬಹಳ ದಿನ ಕಾಣಲಿಲ್ಲ.

ನಮ್ಮ ಚಿಗವ್ವನಿಗೂ ಕಾಕಾನಿಗೂ ಹೊಂದಿಕೆ ಆಗಲಿಲ್ಲ. ಹಿರಿಯರು ಕೂಡಿ ಬಾಂಡ್ ಪೇಪರಿನ ಮೇಲೆ ಸೋಡಚೀಟಿ ಬರೆಸಿದರು. ಚಿಗವ್ವ ಸಹಿ ಮಾಡಿ, ಎರಡು ಮಕ್ಕಳನ್ನು ಕರೆದುಕೊಂಡು ಮುಂಡರಗಿಯ ತವರಿಗೆ ಹೋದಳು. ಮೂರು ವರ್ಷದ ಮೇಲೆ ಕಾಕಾ, ತಾನು ದುಡಿಯುತ್ತಿದ್ದ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕರೆಂಟ್ ಹೊಡೆದು ತೀರಿಕೊಂಡ. ಮಾಲೀಕರು ಅಜ್ಜಿಯ ಕೈಗೆ ಒಂದಿಷ್ಟು ರೊಕ್ಕ ಕೊಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಸೋಡಚೀಟಿ ಆಗೇತಿ, ಇನ್ನ ನನಗೇನ್ ಹಕ್ಕೈತಿ?" ಅಂದಳು ಚಿಗವ್ವ. ನಾವೂ ಹಾಗೇ ತಿಳಿದಿದ್ದೆವು.

ಒಂದೂವರೆ ವರ್ಷದ ನಂತರ, ವರದಿಗೆಂದು ಹೋದ ಒಂದು ಕಾನೂನು ಶಿಬಿರದಲ್ಲಿ ವಕೀಲರೊಬ್ಬರನ್ನು ಕೇಳಿದಾಗ ನಮ್ಮ ತಿಳಿವಳಿಕೆ ತಪ್ಪು ಎಂದು ಗೊತ್ತಾಯಿತು.

ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನ ಕೊಡುವುದು ಕೋರ್ಟು. ರೂಢಿಯ ವಿಚ್ಛೇದನಕ್ಕೂ ಜಾಗ ಇದೆ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇದೆ ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಸಾಬೀತಾಗದಿದ್ದರೆ ಆ ಹೆಂಡತಿ ಕಾನೂನಿನ ಕಣ್ಣಲ್ಲಿ ಹೆಂಡತಿಯೇ. ಗಂಡ ಸತ್ತರೆ ಅವಳೇ ವಿಧವೆ. ಬೇರೆ ಊರಲ್ಲಿ ಇದ್ದಳು ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

ಕೆಲಸದಲ್ಲಿ ಸತ್ತವರ ಪರಿಹಾರ ವಿಧವೆಗೆ, ಚಿಕ್ಕ ಮಕ್ಕಳಿಗೆ, ವಿಧವೆ ತಾಯಿಗೆ ಸಲ್ಲಬೇಕು. ಕೋರ್ಟಿನಲ್ಲೇ ವಿಚ್ಛೇದನ ಆಗಿದ್ದರೆ ಹೆಂಡತಿ ವಿಧವೆ ಎನಿಸುವುದಿಲ್ಲ. ಆದರೂ ಮಕ್ಕಳ ಪಾಲು ಮಕ್ಕಳದೇ. ಅಪ್ಪ ಅವ್ವ ದೂರಾದರೂ ಮಕ್ಕಳು ದೂರಾಗುವುದಿಲ್ಲ.

ಸಾವಿನ ಪರಿಹಾರವನ್ನು ಮಾಲೀಕರು ಆಯುಕ್ತರ ಬಳಿ ಠೇವಣಿ ಇಡಬೇಕು. ಯಾರಿಗೆ ಎಷ್ಟು ಎಂದು ಹಂಚುವವರು ಆಯುಕ್ತರು. ಮನೆಗೆ ಬಂದು ಕೈಯಲ್ಲಿ ರೊಕ್ಕ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಲೆಕ್ಕ ಹೀಗಿದೆ: ತಿಂಗಳ ಪಗಾರದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಪಗಾರ 12,000, ವಯಸ್ಸು 40 ಆಗಿದ್ದರೆ 6,000ವನ್ನು 184.17ರಿಂದ ಗುಣಿಸಬೇಕು, ಅಂದರೆ 11,05,020 ರೂಪಾಯಿ. ಅಜ್ಜಿಯ ಕೈಗೆ ಬಂದದ್ದು ಇದರ ಸಮೀಪವೂ ಇರಲಿಲ್ಲ.

ಕೆಲಸಗಾರ ಗಾಯಗೊಂಡು ಬದುಕಿದ್ದರೆ ಪರಿಹಾರ ಅವನದೇ. ಹೆಂಡತಿಗೆ ಅದರಲ್ಲಿ ನೇರ ಪಾಲಿಲ್ಲ. ಆದರೆ ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ ಜೀವನಾಂಶ ಕೇಳಬಹುದು. ವಿಚ್ಛೇದನವಾದವಳೂ ಮರುಮದುವೆ ಆಗುವವರೆಗೆ ಕೇಳಬಹುದು.

ಅರ್ಜಿ ಹಾಕಲು ಎರಡು ವರ್ಷದ ಗಡುವು. ನಮಗೆ ಉಳಿದಿದ್ದು ಐದೇ ತಿಂಗಳು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ; 15100ಕ್ಕೆ ಫೋನ್ ಮಾಡಿದರೂ ಸಾಕು. ಚಿಗವ್ವ, ಮಕ್ಕಳು, ಅಜ್ಜಿ ಎಲ್ಲರ ಹೆಸರಲ್ಲಿ ಅರ್ಜಿ ಹಾಕಿದೆವು. ಆಗ ಇದ್ದದ್ದು 1923ರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ವಿಧವೆಗೆ, ಮಕ್ಕಳಿಗೆ ಅದರಲ್ಲೂ ಹಕ್ಕಿದೆ.

ಮಾಲೀಕರ ಕಡೆಯವರು ಸೋಡಚೀಟಿ ಮುಂದಿಟ್ಟಿದ್ದಾರೆ. ರೂಢಿ ಸಾಬೀತು ಮಾಡಿ ಎಂದು ನಮ್ಮ ವಕೀಲರು ಕೇಳಿದ್ದಾರೆ. ಪ್ರಕರಣ ಇನ್ನೂ ನಡೆದಿದೆ. ತಾರೀಕಿನ ದಿನ ಚಿಗವ್ವ ಮುಂಡರಗಿಯಿಂದ ಬಸ್ಸಿಗೆ ಬರುತ್ತಾಳೆ. ಒಂದು ಕಾಲಕ್ಕೆ ಮಾತು ಬಿಟ್ಟಿದ್ದ ಅತ್ತೆ ಸೊಸೆ ಈಗ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಬುತ್ತಿಯ ರೊಟ್ಟಿ ಉಣ್ಣುತ್ತಾರೆ.

ನಿಮ್ಮ ಓಣಿಯಲ್ಲೂ ಸೋಡಚೀಟಿ ಹಿಡಿದುಕೊಂಡು ಸುಮ್ಮನೆ ಕೂತ ಹೆಣ್ಣುಮಗಳು ಇರಬಹುದು. ಎರಡು ವರ್ಷ ಮುಗಿಯುವ ಮೊದಲೇ ಅವಳಿಗೆ ಇದನ್ನು ಓದಿ ಹೇಳಿ.