ಅಳಿವೆ ದಾಟುವ ಡಬ್ಬಿಗಳು

ಐಸ್ ತುಂಬುವ ಗದ್ದಲ ಈಗಷ್ಟೇ ನಿಂತಿದೆ. ಗಂಗೊಳ್ಳಿ ಬಂದರಿನ ಜೆಟ್ಟಿಯಿಂದ ಲಾರಿ ಹೊರಟುಹೋಗಿ, ಅದು ನಿಂತಿದ್ದಲ್ಲಿ ಕರಗಿದ ನೀರು ಮೀನಿನ ಹುರುಪೆಗಳನ್ನು ಹೊತ್ತುಕೊಂಡು ಹೊಳೆಗೆ ಇಳಿಯುತ್ತಿದೆ. ಅದೇ ಜಾಗಕ್ಕೆ ಒಂದು ಆಟೋ ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಜನವಿಲ್ಲ. ಕುಚ್ಚಲಕ್ಕಿ ಮೂಟೆ, ಗೋಣಿ ತುಂಬ ತೆಂಗಿನಕಾಯಿ, ನೀರುಳ್ಳಿ, ಬಟಾಟೆ, ಎಲೆಕೋಸು, ಎರಡು ಕಟ್ಟು ಹರಿವೆ ಸೊಪ್ಪು, ಹಗ್ಗದಲ್ಲಿ ಬಿಗಿದ ಮೊಟ್ಟೆ ಟ್ರೇಗಳು.

"ರೇಷನ್ ಬಂತ್!"

ಬೋಟಿನಿಂದ ಕೈಗಳು ಚಾಚುತ್ತವೆ. ಮೂಟೆ ಕೈಯಿಂದ ಕೈಗೆ ಹೋಗಿ ವೀಲ್‌ಹೌಸಿನ ಹಿಂದಿನ ಗೂಡಿನಂಥ ಅಡುಗೆಕೋಣೆ ಸೇರುತ್ತದೆ. ಸೊಪ್ಪು ಮಾತ್ರ ಅಲ್ಲಿಗೆ ಹೋಗುವುದಿಲ್ಲ, ಕೆಳಗೆ ಐಸಿನ ಮೇಲೆ ಮಲಗುತ್ತದೆ. ನಾಳೆ ಮಧ್ಯಾಹ್ನದೊಳಗೆ ಅದನ್ನು ತಿಂದು ಮುಗಿಸಬೇಕು. ನಾಡಿದ್ದಿಗೆ ಹೂಕೋಸು, ಬೆಂಡೆ. ಎಲೆಕೋಸು, ಬಟಾಟೆ ಕೊನೆಯವರೆಗೂ ಬಾಳುತ್ತವೆ. ಯಾವುದು ಮೊದಲು ಕೊಳೆಯುತ್ತದೋ ಅದು ಮೊದಲು ಪಾತ್ರೆಗೆ. ಈ ಬೋಟಿನಲ್ಲಿ ವಾರದ ಅಡುಗೆಯ ಪಟ್ಟಿ ಇಷ್ಟೇ.

ದೀಪಾವಳಿ ಕಳೆದು ಮೂರನೆಯ ರಾತ್ರಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಎಷ್ಟೋ ದಿನವಾಗಿ, ಕಡಲು ಈಗ ಸಮಾಧಾನಕ್ಕೆ ಬಂದಿದೆ. ಹಬ್ಬಕ್ಕೆ ಮನೆಗೆ ಹೋಗಿದ್ದ ಕಲಾಸಿಗಳು, ಬೋಟಿನ ಕೆಲಸಗಾರರು, ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಉಪ್ಪುಂದದವರೊಬ್ಬರು ಬೈಂದೂರಿನಿಂದ ಬಸ್ಸು ಹಿಡಿದು ತ್ರಾಸಿಯಲ್ಲಿ ಇಳಿದು ಬಂದಿದ್ದಾರೆ. ಮರವಂತೆಯ ಹುಡುಗನನ್ನು ಅವನ ಭಾವ ಬೈಕಿನಲ್ಲಿ ತಂದು ಬಿಟ್ಟಿದ್ದಾನೆ. ಬ್ರಹ್ಮಾವರ ತಾಲ್ಲೂಕಿನ ಕೋಡಿಬೆಂಗ್ರೆಯವರು, ವಯಸ್ಸಾದವರು, ಎಲ್ಲರಿಗಿಂತ ಮೊದಲೇ ಬಂದು ಬಲೆಯ ರಾಶಿಗೆ ಒರಗಿ ಕೂತಿದ್ದಾರೆ. ಒಡಿಶಾದ ಇಬ್ಬರು ಹುಡುಗರಿಗೆ ಹಬ್ಬಕ್ಕೆ ಊರಿಗೆ ಹೋಗಲಾಗಲಿಲ್ಲ, ಅವರು ಇಲ್ಲೇ ಇದ್ದವರು. ಒಬ್ಬೊಬ್ಬರ ಕೈಯಲ್ಲೂ ಬಟ್ಟೆಯ ಚೀಲದ ಜತೆ ಇನ್ನೊಂದು ಕಟ್ಟು. ಅದರೊಳಗೆ ಏನಿದೆ ಎಂಬುದೇ ಎಲ್ಲರ ಕುತೂಹಲ.

"ಮನೆಯಿಂದ ಎಂತ ಬೇಕಾರೂ ತಕಂಡ್ ಬನ್ನಿ, ಅಡ್ಡಿಲ್ಲ," ಬೋಟು ನಡೆಸುವ ತಾಂಡೇಲರು ನನಗೂ ಸೇರಿಸಿ ಹೇಳುತ್ತಾರೆ. "ನೀರ್ ಜಾಸ್ತಿ ಕೇಂಬುದ್ ಮಾತ್ರ ತರ್ಬೇಡಿ. ಬಾಟ್ಲಿ ಕಂಡ್ರೆ ತಂದವ್ರನ್ನೇ ಇಳ್ಸುದ್."

ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವಲ್ಲ, ಅಂಥವುಗಳ ನಿಯಮ ಇದಕ್ಕೆ ತದ್ವಿರುದ್ಧ. ಅಂಗಡಿಯ ಸೀಲು ಒಡೆಯದ ಪ್ಯಾಕೆಟ್ಟಾದರೆ ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ಮನೆಯಲ್ಲಿ ಮಾಡಿ ಕಟ್ಟಿಕೊಟ್ಟದ್ದನ್ನು ಬಹುತೇಕ ಕಂಪನಿಗಳು ಏಣಿಯ ಬುಡದಲ್ಲೇ ತಡೆಯುತ್ತವೆ. ನೀರು ಕಾಯಿಸುವ ಕಾಯಿಲು, ಇಸ್ತ್ರಿಪೆಟ್ಟಿಗೆಗೂ ಪ್ರವೇಶವಿಲ್ಲ, ಬೆಂಕಿಯ ಭಯ. ಸಾವಿರಾರು ಜನ ಒಂದೇ ಗಾಳಿ ಉಸಿರಾಡುವ ಕಡೆ ಒಬ್ಬನ ಹಳಸಿದ ಡಬ್ಬಿ ನೂರು ಜನರ ಹೊಟ್ಟೆ ಕೆಡಿಸಬಹುದು ಎಂಬ ಅವರ ಅಂಜಿಕೆ ಸುಳ್ಳಲ್ಲ. ಆದರೆ ಅಲ್ಲಿ ಹಗಲೂ ರಾತ್ರಿಯೂ ಊಟದ ಮೇಜು ಹಾಸಿಯೇ ಇರುತ್ತದೆ. ಇಲ್ಲಿ ಒಯ್ಯದಿದ್ದರೆ ಇಲ್ಲ, ಅಷ್ಟೆ. ಬೆಂಕಿಪೊಟ್ಟಣ ಮರೆತರೆ ಎಂಟು ಜನರಿಗೆ ಚಹಾ ಇಲ್ಲ.

ಅದಕ್ಕೇ ಅಡುಗೆಯವ ಟಾರ್ಚು ಹಿಡಿದು ಇನ್ನೊಮ್ಮೆ ಎಣಿಸುತ್ತಿದ್ದಾನೆ. ಗ್ಯಾಸ್ ಸಿಲಿಂಡರ್ ಎರಡು. ಹುಣಸೆ ಹುಳಿಯ ಉಂಡೆ. ಉಪ್ಪು. ತೆಂಗಿನೆಣ್ಣೆಯ ಕ್ಯಾನು. ಚಹಾಪುಡಿ, ಸಕ್ಕರೆ, ಹಾಲಿನ ಪುಡಿ. ಕೊನೆಗೆ ಐಸ್‌ಕ್ರೀಮಿನ ಹಳೆಯ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಇಳಿದು, ಐಸಿನಲ್ಲಿ ಹೂತು ಬರುತ್ತಾನೆ. ಅದರಲ್ಲಿರುವುದು ಅವನ ಅಕ್ಕ ಅರೆದು ಕೊಟ್ಟ ಮೀನಿನ ಮಸಾಲೆ: ಒಣಮೆಣಸು, ಕೊತ್ತಂಬರಿ, ಮೆಂತೆ, ಜೀರಿಗೆ, ಬೆಳ್ಳುಳ್ಳಿ, ಅರಿಶಿನ, ನೀರು ಸೋಕಿಸದೆ ಹುಳಿಯಲ್ಲೇ ಗಟ್ಟಿಯಾಗಿ ಅರೆದದ್ದು. ಅದು ತೀರಿದ ಮೇಲೆ ಪುಡಿ. ಪುಡಿಯ ಸಾರು ಶುರುವಾಯಿತೆಂದರೆ ಮನೆಯ ನೆನಪೂ ಶುರುವಾಯಿತು ಎನ್ನುತ್ತಾರೆ ಉಪ್ಪುಂದದವರು.

ರಾತ್ರಿ ಎರಡರ ಮೇಲೆ ಹಗ್ಗ ಬಿಚ್ಚುತ್ತಾರೆ. ಕಲಾಸಿಗಳ ಪಟ್ಟಿಗೆ ನನ್ನ ಆಧಾರ್ ನಂಬರೂ ಸೇರಿದೆ. ಸೌಪರ್ಣಿಕೆ, ವಾರಾಹಿ, ಚಕ್ರ, ಕುಬ್ಜೆ, ಖೇಟಾ, ಐದೂ ನದಿಗಳ ನೀರು ಕೂಡಿ ಕಡಲಿಗೆ ನುಗ್ಗುವ ಅಳಿವೆ ಇದು. ಮರಳು ಎಲ್ಲಿ ಕೂತಿದೆ ಎಂಬುದು ಕೈಗೆ ಗೊತ್ತಿರಬೇಕು. ಎಡಕ್ಕೆ ಕೋಡಿಯ ದೀಪಸ್ತಂಭ ಕಣ್ಣು ಮಿಟುಕಿಸುತ್ತಿದೆ. ತಾಂಡೇಲರು ಮಾತು ನಿಲ್ಲಿಸಿದ್ದಾರೆ. ಬೋಟು ಒಮ್ಮೆ ಮೂತಿ ಎತ್ತಿ ಕೆಳಗೆ ಬೀಳುತ್ತದೆ, ಪಾತ್ರೆಗಳು ಒಮ್ಮೆಲೇ ಘಲ್ಲೆನ್ನುತ್ತವೆ. ಇನ್ನೊಮ್ಮೆ. ಆಮೇಲೆ ಎಂಜಿನಿನ ಸದ್ದು ಒಂದೇ ಹದಕ್ಕೆ ಇಳಿಯುತ್ತದೆ, ದಾಟಿದೆವು.

ಬೆಳಗಾಗುವಾಗ ನೆಲ ಕಾಣುವುದಿಲ್ಲ. ಅಡುಗೆಯವ ಅಕ್ಕಿ ತೊಳೆಯುತ್ತಿದ್ದಾನೆ, ಬಕೆಟ್ಟಿಗೆ ಹಗ್ಗ ಕಟ್ಟಿ ಎಳೆದ ಕಡಲ ನೀರಿನಲ್ಲಿ. ಎರಡು ಸಲ ಉಪ್ಪುನೀರು, ಕೊನೆಯ ಒಂದು ಸಲ ಸಿಹಿನೀರು. ಪಾತ್ರೆಗಳಿಗೆ ಕೊನೆಯ ಭಾಗ್ಯವೂ ಇಲ್ಲ. ಟ್ಯಾಂಕಿನ ನಲ್ಲಿಯನ್ನು ತಿರುಗಿಸುವ ಅಧಿಕಾರ ಅವನೊಬ್ಬನದು. ಬೋಟಿನಲ್ಲಿ ಏನು ಬೇಯಬೇಕು ಎಂದು ತೀರ್ಮಾನಿಸುವುದು ನಾಲಗೆಯಲ್ಲ, ನೀರು ಮತ್ತು ಗ್ಯಾಸು ಎಂಬುದು ನನಗೆ ಅರ್ಥವಾಗುವುದು ಇಲ್ಲಿ. ಹಾಗಾದರೆ ಬೇಯಲು ಅಷ್ಟು ಹೊತ್ತು ಹಿಡಿಯುವ, ಅಷ್ಟು ನೀರು ಕುಡಿಯುವ ಕುಚ್ಚಲಕ್ಕಿ ಯಾಕೆ? ಬೆಳ್ತಿಗೆ ಅಕ್ಕಿ ತಂದರೆ ಕಾಲು ಗಂಟೆಯಲ್ಲಿ ಮುಗಿಯುತ್ತದಲ್ಲ?

ಕೋಡಿಬೆಂಗ್ರೆಯವರು ನನ್ನನ್ನು ಮಗುವನ್ನು ನೋಡುವಂತೆ ನೋಡುತ್ತಾರೆ. "ತಿಳಿ ಎಲ್ಲಿ ಹೋತ್? ಹೊಟ್ಟೆಗೇ ಅಲ್ದಾ?"

ಹೌದು. ಬಸಿದ ತಿಳಿಗೆ ಉಪ್ಪು ಹಾಕಿ ಒಬ್ಬೊಬ್ಬರಿಗೆ ಒಂದೊಂದು ಲೋಟ, ಕುಡಿಯುವ ನೀರಿನ ಖರ್ಚು ಅಷ್ಟು ಉಳಿಯಿತು. ದಿನಕ್ಕೆ ಒಂದೇ ಸಲ ಅನ್ನ. ಉಳಿದದ್ದಕ್ಕೆ ನೀರು ಹಾಕಿಟ್ಟರೆ ಮರುದಿನ ಬೆಳಗ್ಗೆ ತಂಗಳನ್ನ, ಒಲೆ ಹಚ್ಚುವ ಕೆಲಸವೇ ಇಲ್ಲ. ಒಡಿಶಾದ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಅವರ ಊರಿನ ಪಖಾಳವೂ ಇದೇ, ಅಕ್ಕಿಯೂ ಕುಚ್ಚಲೇ. ಭಾಷೆ ಬಾರದ ಮೊದಲ ದಿನಗಳಲ್ಲಿ ಹೊಟ್ಟೆಗಾದರೂ ಪರಊರು ಅನ್ನಿಸಲಿಲ್ಲವಂತೆ.

ಬೇಯಿಸಿ ಒಣಗಿಸಿದ ಅಕ್ಕಿಗೆ ಹುಳ ಬೇಗ ಹಿಡಿಯುವುದಿಲ್ಲ, ಕಾಳು ಗಟ್ಟಿ. ಈ ಅಳಿವೆಗೆ ಅಕ್ಕಿಯ ಋಣ ಬಹಳ ಹಳೆಯದು. ನಾವು ಬಿಟ್ಟುಬಂದ ಹೊಳೆಯಲ್ಲಿ ಒಳಕ್ಕೆ ಹೋದರೆ ಬಸ್ರೂರು. ತೆಂಕಲಿಗೆ, ಇಂದಿನ ಬ್ರಹ್ಮಾವರ ತಾಲ್ಲೂಕಿನಲ್ಲಿ, ಬಾರ್ಕೂರು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಈ ಎರಡೂ ಊರುಗಳಿಂದ ಅಕ್ಕಿ ತುಂಬಿಕೊಂಡು ಹೋಗುವ ಹಡಗುಗಳನ್ನು ಬರೆದಿಟ್ಟಿದ್ದಾನೆ. ಮಲಬಾರಿಗೂ ಹೋರ್ಮುಜಿಗೂ ಹೋಗುತ್ತಿತ್ತು ಇಲ್ಲಿಯ ಅಕ್ಕಿ. ಪೋರ್ಚುಗೀಸರು 1569ರಲ್ಲಿ ಇಲ್ಲಿ ಕೋಟೆ ಹಾಕಿದ್ದರ ಹಿಂದೆಯೂ ಗೋವೆಯ ಹಸಿವು ಇತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರಲ್ಲಿ ಶಿವಾಜಿಯ ಹಡಗುಪಡೆ ಬಸ್ರೂರಿನ ಮೇಲೆ ಬಿದ್ದದ್ದು ಅಲ್ಲಿಯ ಸಂಪತ್ತಿಗೆ. ಇಷ್ಟನ್ನೂ ನಾನು ಹೇಳಿದ್ದಕ್ಕೆ ಅಡುಗೆಯವ "ಹೌದಾ" ಎಂದು ಸೌಟಿನಲ್ಲಿ ಅಗುಳು ಹಿಚುಕಿ ನೋಡಿ, ಇನ್ನೂ ಬೆಂದಿಲ್ಲ ಎಂದ.

ಬಲೆ ಹಾಕುವ ಜಾಗ ಇನ್ನೂ ದೂರ. ಕಡಲಿನ ನಡುವೆ ಕೂತವರ ಊಟಕ್ಕೆ ಮೀನಿಲ್ಲ! ಆಗ ಕೋಡಿಬೆಂಗ್ರೆಯವರ ಡಬ್ಬಿ ತೆರೆಯುತ್ತದೆ. ಒಣ ಸಿಗಡಿಯ ಚಟ್ನಿ. ಹುರಿದ ಸಿಗಡಿ, ಕಾಯಿತುರಿ, ಮೆಣಸು, ಹುಳಿ, ನೀರಿಲ್ಲದೆ ಕುಟ್ಟಿದ್ದು. ಮೀನು ಹಿಡಿಯಲು ಹೋಗುವವರು ಒಣಮೀನು ಹೊತ್ತೊಯ್ಯುವುದು ನಗುವ ಸಂಗತಿ ಎಂದುಕೊಂಡಿದ್ದೆ. ಗಂಜಿಯ ಬಟ್ಟಲಿನ ಅಂಚಿಗೆ ಆ ಕೆಂಪು ಪುಡಿ ಬಿದ್ದಾಗ ನಗು ಬರಲಿಲ್ಲ. ಅದರ ಜತೆಗೆ ಹಬ್ಬದ ಕೊಟ್ಟೆ ಕಡುಬು, ಹಲಸಿನ ಎಲೆ ಬಿಡಿಸಿದರೆ ಮೈಮೇಲೆ ಎಲೆಯ ನರಗಳೆಲ್ಲ ಅಚ್ಚೊತ್ತಿರುವಂಥದ್ದು. ಇದಕ್ಕೆ ಇಂದೇ ಕೊನೆಯ ದಿನ, ಸಂಜೆಗೆ ನೂಲೇಳುತ್ತದೆ.

ಡಬ್ಬಿಗಳಿಗೂ ಒಂದು ಸರದಿ ಇದೆ, ಯಾರೂ ಬಾಯಿಬಿಟ್ಟು ಹೇಳದ ಸರದಿ. ಮೊದಲು ಕೆಡುವುದನ್ನು ತಂದವನ ಡಬ್ಬಿ. ಆಮೇಲೆ ಉಂಡೆ, ಚಕ್ಕುಲಿ. ಉಪ್ಪಿನಕಾಯಿ ಎಲ್ಲಕ್ಕಿಂತ ಕೊನೆಗೆ. ಬೋಟಿನ ರೇಷನ್ ಬೋಟಿನ ಲೆಕ್ಕದ್ದು: ಡೀಸೆಲ್, ಐಸಿನ ಜತೆ ಅದರ ಹಣವನ್ನೂ ಕಳೆದ ಮೇಲೆಯೇ ಮಾಲೀಕರಿಗೂ ಕಲಾಸಿಗಳಿಗೂ ಪಾಲು. ಅಲ್ಲಿ ಒಂದು ಚಮಚ ಸಕ್ಕರೆಗೂ ಹತ್ತು ಮಾತು ಬರುತ್ತದೆ. ಮನೆಯ ಡಬ್ಬಿಗೆ ಲೆಕ್ಕವಿಲ್ಲ, ತಂದವನು ತನಗೆ ಕಡಿಮೆ ಹಾಕಿಕೊಂಡು ಬಡಿಸುತ್ತಾನೆ. ಅಡಗಿಸಿಟ್ಟುಕೊಂಡು ತಿನ್ನಲು ಇಷ್ಟು ಸಣ್ಣ ಬೋಟಿನಲ್ಲಿ ಮೂಲೆಯೂ ಇಲ್ಲ ಅನ್ನಿ.

ಸಂಜೆ ನಾಲ್ಕರ ಹೊತ್ತು ಒಡಿಶಾದ ಹುಡುಗರದು. ಅವರ ಬಿಳಿ ಚೀಲದಲ್ಲಿ ಇರುವುದು ಮಂಡಕ್ಕಿ, ಕುಂದಾಪುರದ ಸಂತೆಯಲ್ಲಿ ಕೊಂಡದ್ದು. ಆದರೆ ಸಾಸಿವೆ ಎಣ್ಣೆಯ ಸೀಸೆ ಊರಿನದೇ. ದೊಡ್ಡವನು ಬೇಸಿನ್ನಿನಲ್ಲಿ ಮಂಡಕ್ಕಿ ಸುರಿದು, ನೀರುಳ್ಳಿ, ಹಸಿಮೆಣಸು ಕೊಚ್ಚಿ ಹಾಕಿ, ಎಣ್ಣೆಯನ್ನು ಸಣ್ಣ ದಾರದಂತೆ ಬಿಡುತ್ತಾನೆ. ಘಾಟು ಮೂಗಿಗೆ ಏರುತ್ತದೆ. "ತೆಂಗಿನೆಣ್ಣೆ ಹಾಕಾ ಮಾರಾಯ" ಎಂದು ಉಪ್ಪುಂದದವರು ದಿನವೂ ಹೇಳುತ್ತಾರಂತೆ, ಅವನು ದಿನವೂ ಕೇಳಿಸಿಕೊಳ್ಳುವುದಿಲ್ಲವಂತೆ. ಬೇಸಿನ್ನಿಗೆ ಮೊದಲು ಕೈ ಹಾಕುವವರೂ ಅವರೇ.

ಬಲೆ ನೀರಿಗೆ ಬಿದ್ದ ಮೇಲೆ ಊಟದ ಹೊತ್ತಿಗೆ ಗಡಿಯಾರವಿಲ್ಲ. ಎರಡೂವರೆ, ಮೂರು ಗಂಟೆ ಎಳೆದು ಮೇಲೆತ್ತುವುದು, ವಿಂಗಡಿಸುವುದು, ಐಸು ಹಾಕುವುದು, ಮತ್ತೆ ಬಿಡುವುದು. ರಾತ್ರಿ ಹನ್ನೊಂದಕ್ಕೆ ಡೆಕ್ಕಿನ ಮೇಲೆ ಬೆಳ್ಳಿಯ ರಾಶಿ. ಬೊಂಡಾಸು, ಕಪ್ಪೆ ಬೊಂಡಾಸು ಬೇರೆ ಬುಟ್ಟಿಗೆ, ಅವಕ್ಕೆ ದರ ಇದೆ, ಮುಟ್ಟುವಂತಿಲ್ಲ. ಅಡುಗೆಯವ ರಾಶಿಯ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಐದಾರು ರಾಣಿಮೀನು ಆರಿಸಿಕೊಳ್ಳುತ್ತಾನೆ. ಗುಲಾಬಿ ಮೈ ಇನ್ನೂ ಅದುರುತ್ತಿದೆ. ಒಲೆಯ ಸುತ್ತ ಬೆಸೆದ ಕಬ್ಬಿಣದ ಸರಳುಗಳ ನಡುವೆ ಪಾತ್ರೆ ಸಿಕ್ಕಿಕೊಂಡು ನಿಂತಿದೆ, ಬೋಟು ಹೊರಳಿದರೂ ಅದು ಹೊರಳುವುದಿಲ್ಲ, ಒಳಗಿನ ಸಾರು ಮಾತ್ರ ಅತ್ತಿತ್ತ ತುಯ್ಯುತ್ತದೆ. ಅದಕ್ಕೇ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ. ಹಪ್ಪಳ ಕರಿಯುವ ಆಸೆ ಇದ್ದರೂ ಇಲ್ಲಿ ಕಾದ ಎಣ್ಣೆ ಇಡುವವರಿಲ್ಲ. ಐಸಿನಿಂದ ಅಕ್ಕನ ಮಸಾಲೆ ಮೇಲೆ ಬರುತ್ತದೆ. ಕಾಯಿ ತುರಿಯಲು ಅವನು ಹೆರೆಮಣೆಯ ಮೇಲೆ ಕೂತು ಎರಡೂ ಅಂಗಾಲುಗಳನ್ನು ಗೋಡೆಗೆ ಒತ್ತಿ ಹಿಡಿದಿದ್ದಾನೆ.

ಹಿಡಿದು ಹದಿನೈದು ನಿಮಿಷವಾಗದ ಮೀನಿನ ಸಾರು ಹೇಗಿರುತ್ತದೆ ಎಂದು ನಾನು ಬಣ್ಣಿಸಲು ಹೋಗುವುದಿಲ್ಲ. ದಡದ ಹೋಟೆಲುಗಳ ಮೇಲೆ ಇದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು.

ಒಂದು ಮಧ್ಯಾಹ್ನ ವೈರ್‌ಲೆಸ್ಸಿನಲ್ಲಿ ಮಲ್ಪೆಯ ಬೋಟೊಂದು ಮಾತಿಗೆ ಬರುತ್ತದೆ. ಎಲ್ಲಿ ಏನು ಮೀನು ಎಂಬುದನ್ನು ಇಬ್ಬರು ತಾಂಡೇಲರೂ ಜಾಣತನದಿಂದ ಹೇಳದೇ ಉಳಿಸಿಕೊಂಡ ಮೇಲೆ, ಅವರು ನಿಜವಾದ ವಿಷಯಕ್ಕೆ ಬರುತ್ತಾರೆ: ಚಹಾಪುಡಿ ಒದ್ದೆಯಾಗಿ ಹೋಗಿದೆ. ಮುಕ್ಕಾಲು ಗಂಟೆಯಲ್ಲಿ ಆ ಬೋಟು ನಮ್ಮ ಬದಿಗೆ ಬರುತ್ತದೆ. ತೀರ ಹತ್ತಿರ ಬರುವಂತಿಲ್ಲ, ಒಂದು ಅಲೆ ಸಾಕು ಹಲಗೆ ಮುರಿಯಲು. ಹಗ್ಗ ಎಸೆಯುತ್ತಾರೆ, ಬಾಯಿ ಕಟ್ಟಿದ ಕ್ಯಾನಿನಲ್ಲಿ ಚಹಾಪುಡಿ ಹೋಗುತ್ತದೆ. ಉಪ್ಪುಂದದವರು ಕೊನೆಯ ಗಳಿಗೆಯಲ್ಲಿ ತಮ್ಮ ಚಕ್ಕುಲಿಯನ್ನೂ ಒಂದಷ್ಟು ತುರುಕುತ್ತಾರೆ. ಅದೇ ಕ್ಯಾನು ಮರಳಿ ಬರುವಾಗ ಒಳಗೆ ಟೊಮೆಟೊ, ಮತ್ತು ಕಾಗದದಲ್ಲಿ ಸುತ್ತಿದ ಗಟ್ಟಿ ಬೆಲ್ಲ. ಕಿರುಚಾಟ, ನಗು, "ಹಬ್ಬ ಜೋರಾ?" ಎಂಬ ಪ್ರಶ್ನೆ. ಆಮೇಲೆ ಅವರ ಬೋಟು ಬಡಗಲಿಗೆ ತಿರುಗುತ್ತದೆ.

ಉಪ್ಪಿನಕಾಯಿಯ ಸರದಿ ಬರುವ ಮೊದಲೇ ಗಾಳಿ ಎದ್ದಿತು. ಮರವಂತೆಯ ಹುಡುಗನಿಗೆ ಹೊರಡುವಾಗ ಫೋನಿನಲ್ಲಿ ಅಬ್ಬಿ ಹೇಳಿದ್ದು ಅವನಿಗಿಂತ ಹೆಚ್ಚು ನಮಗೆ ಕೇಳಿಸಿತ್ತು: "ಭರಣಿ ಕೈಯಗೇ ಹಿಡ್ಕೋ ಮಗಾ." ಅವನು ಅದನ್ನು ಚಾಪೆಯ ಸುರುಳಿಯೊಳಗೆ ಭದ್ರ ಮಾಡಿದ್ದ. ರಾತ್ರಿ ಒಂದು ದೊಡ್ಡ ತೆರೆ ಅಡ್ಡ ಹೊಡೆದಾಗ ಸುರುಳಿ ಬಿಚ್ಚಿಕೊಂಡಿತು. ಗಾಜು ಒಡೆದ ಸದ್ದು ಎಂಜಿನಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ, ವಾಸನೆಯೇ ಎಲ್ಲರನ್ನೂ ಎಬ್ಬಿಸಿತು. ಟಾರ್ಚಿನ ಬೆಳಕಿನಲ್ಲಿ ಹಲಗೆಯ ಮೇಲೆ ಮಿಡಿಮಾವುಗಳು ಎಡಕ್ಕೂ ಬಲಕ್ಕೂ ಉರುಳುತ್ತಿವೆ, ಅವುಗಳ ಹಿಂದೆ ಎಂಟು ಜನ ಮೊಣಕಾಲಿನಲ್ಲಿ. ಗಾಜಿನ ಚೂರಿನ ಭಯಕ್ಕೆ ಸಿಕ್ಕಿದ್ದನ್ನೆಲ್ಲ ತಾಂಡೇಲರು ಕಡಲಿಗೆ ಎಸೆಸಿದರು. ಬೋಟಿನಲ್ಲಿ ಕೈ ಕುಯ್ದುಕೊಂಡವನು ಬಲೆ ಎಳೆಯಲಾರ. ಹುಡುಗ ಮರುದಿನ ಮಧ್ಯಾಹ್ನದವರೆಗೂ ಮಾತಾಡಲಿಲ್ಲ. ಬರಿಯ ಗಂಜಿ ಉಣ್ಣುತ್ತ ಎಲ್ಲರೂ ಅವನ ಅಬ್ಬಿಯ ಉಪ್ಪಿನಕಾಯಿಯನ್ನು, ರುಚಿ ನೋಡದೆಯೇ, ಹೊಗಳಿದರು.

ಗಂಗೊಳ್ಳಿಗೆ ಮರಳುವಾಗ ಎಲೆಕೋಸು ಒಂದು ಉಳಿದಿದೆ, ನೀರು ತಳ ಕಂಡಿದೆ. ಮೀನು ಇಳಿಸಿ, ಹರಾಜು ಮುಗಿದು, ಲೆಕ್ಕ ಬರೆಯುವವರು ರೇಷನ್ ಚೀಟಿಯನ್ನು ಕನ್ನಡಕದ ಕೆಳಗೆ ಹಿಡಿದು ಓದುತ್ತಾರೆ. ಅಕ್ಕಿ ಸರಿ. ಕಾಯಿ ಸರಿ. ಬೆರಳು ಒಂದು ಸಾಲಿನ ಮೇಲೆ ನಿಲ್ಲುತ್ತದೆ.

"ಹೋದ ಸಲಕ್ಕಿಂತ ಸಕ್ಕರೆ ಹೆಚ್ಚಾಯ್ತಲ್ಲ ತಾಂಡೇಲ್ರೇ, ಎಂತ ಕತೆ?"

ತಾಂಡೇಲರು ನನ್ನ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. "ಪೇಪರಿನವ್ರ್ ಒಬ್ರ್ ಇದ್ದಿದ್ರ್ ಅಲ್ದಾ, ಚಾ ಕುಡುಕೆ. ಬರ್ಕಣಿ."