ಯೆಜ್ಡಿಯ ತಗಡಿನ ಡಬ್ಬಿ

ನಮ್ಮ ಮನೆಯ ಹಿತ್ತಲಿನ ಪತ್ರಾಸಿನ ಕೆಳಗೆ ಹಲವು ವರ್ಷಗಳಿಂದ ಗೋಣಿತಾಟು ಹೊದ್ದು ನಿಂತಿರುವ ಯೆಜ್ಡಿ ಮೋಟಾರ್ ಸೈಕಲ್ಲನ್ನು ನನ್ನ ವಿದ್ಯಾರ್ಥಿಗಳಲ್ಲಿ ಮರೆತವರು ಕಡಿಮೆ. ಅದರ ಸಪ್ಪಳ ಕೇಳಿಸಿದೊಡನೆ ಹತ್ತನೆಯ ತರಗತಿ ನಿಶ್ಶಬ್ದವಾಗುತ್ತಿತ್ತೆಂದು ನೀವೇ ಎಷ್ಟೋ ಸಲ ಹೇಳಿ ನಕ್ಕಿದ್ದೀರಿ. ಕಳೆದ ಯುಗಾದಿಗೆ ಊರಿಗೆ ಬಂದ ನನ್ನ ಅಣ್ಣನ ಮಗ ಆ ಗೋಣಿತಾಟನ್ನು ಸರಿಸಿ, ಗಾಡಿಯನ್ನು ತಾನು ಒಯ್ದು ಮತ್ತೆ ಓಡುವಂತೆ ಮಾಡುವೆನೆಂದ. ನನಗೆ ಸಂತೋಷವೇ ಆಯಿತು. ಆದರೆ ಅವನು ತನ್ನ ಚೀಲದಿಂದ ಶಂಕುವಿನಾಕಾರದ ಒಂದು ಪುಟ್ಟ ಫಿಲ್ಟರನ್ನು ಹೊರತೆಗೆದಾಗ ನನ್ನ ಮುಖ ಬಾಡಿರಬೇಕು.

"ಕಾಕಾ, ಸೀಟಿನ ಕೆಳಗಿನ ಈ ತಗಡಿನ ಡಬ್ಬಿ ಕಿತ್ತಿ ಒಗೀತೀನ್ರಿ. ರಬ್ಬರ್ ಎಲ್ಲಾ ಸೀಳ್ಯದ. ಈ ಪಾಡ್ ಫಿಲ್ಟರ್ ಸೀದಾ ಕಾರ್ಬ್ಯುರೇಟರಿಗೆ ಸಿಗಿಸಿದ್ರ ಗಾಡಿ ಚಲೋ ಉಸಿರಾಡ್ತದ" ಎಂದ.

ನಾನು ಬೇಡವೆಂದೆ. ಅವನು ಕಾರಣ ಕೇಳಿದ. ನಾನು ಸಿಟ್ಟಾದೆ. ವಿಜ್ಞಾನ ಕಲಿಸಿದ ಮೇಷ್ಟರು ಕಾರಣ ಕೇಳಿದವನ ಮೇಲೆ ಸಿಟ್ಟಾಗುವುದು ಎಷ್ಟು ನಾಚಿಕೆಯ ಸಂಗತಿ ಎಂಬುದು ನಿಮಗೆ ತಿಳಿದೇ ಇದೆ. ಅಂದು ಹೇಳಲಾರದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯೆಜ್ಡಿ ನಮ್ಮ ನಾಡಿನದೇ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ತಯಾರಾಗತೊಡಗಿ, ಮುಂದೆ ಎಪ್ಪತ್ತರ ದಶಕದಲ್ಲಿ ಅವೇ ಯೆಜ್ಡಿ ಎಂಬ ಹೆಸರು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ ಹೊಡೆಯುವ ಸರಳನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್. ನಾನು ಅದನ್ನು 1986ರಲ್ಲಿ, ನೌಕರಿಗೆ ಸೇರಿದ ಎರಡನೆಯ ವರ್ಷ, ಗುಲಬರ್ಗಾದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಆಗ ಶಹಾಪುರವೂ ಗುಲಬರ್ಗಾ ಜಿಲ್ಲೆಯಲ್ಲಿಯೇ ಇತ್ತು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ.

ಗಾಡಿ ಎರಡು ಸ್ಟ್ರೋಕಿನದು. ಈ ಮಾತನ್ನು ಗಮನಿಸಬೇಕು. ಬುಲೆಟ್‌ನಂಥ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆ ತನ್ನ ಪಾಡಿಗೆ ಬೇರೆಯಾಗಿ ಸುತ್ತುತ್ತಿರುತ್ತದೆ. ನನ್ನ ಯೆಜ್ಡಿಯಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಟ್ಯಾಂಕಿಗೆ ಸುರಿಯಬೇಕು. ಕಾರ್ಬ್ಯುರೇಟರಿನ ಜೆಟ್ಟೆಂಬ ಸೂಜಿಮೊನೆಯಂಥ ರಂಧ್ರದಿಂದ ಎಷ್ಟು ಪೆಟ್ರೋಲ್ ಒಳಗೆ ಹೋಗುವುದೋ ಪಿಸ್ಟನ್ನಿಗೆ ಅಷ್ಟೇ ಎಣ್ಣೆ. ಕಾರ್ಖಾನೆಯವರು ಆ ರಂಧ್ರವನ್ನು ಅಳೆದು ಕೊರೆದದ್ದು ತಗಡಿನ ಡಬ್ಬಿ, ಅದರೊಳಗಿನ ಫಿಲ್ಟರು, ರಬ್ಬರ್ ಕೊಳವೆ ಇವೆಲ್ಲ ಗಾಳಿಗೆ ಒಡ್ಡುವ ಅಡ್ಡಿಯನ್ನು ಲೆಕ್ಕ ಹಿಡಿದು. ಡಬ್ಬಿ ಕಿತ್ತರೆ ಗಾಳಿ ಸಲೀಸಾಗಿ ನುಗ್ಗುತ್ತದೆ. ಅಡ್ಡಿ ತಪ್ಪಿದ್ದರಿಂದ ಜೆಟ್ಟಿನಿಂದ ಪೆಟ್ರೋಲನ್ನು ಮೇಲೆಳೆಯುವ ಸೆಳೆತ ಕುಗ್ಗುತ್ತದೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಿ, ಎಂಜಿನ್ನಿನ ಮೇಲೆ ಭಾರವೂ ಬಿದ್ದರೆ ಕಾವು ಮಿತಿಮೀರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಗಲೇ ಎಣ್ಣೆಯೂ ಕಡಿಮೆ ಬಿದ್ದಿರುತ್ತದೆ. ದಹನಕ್ರಿಯೆಯ ಪಾಠವನ್ನು ನಾನು ನಿಮಗೆ ಎಷ್ಟು ಸಲ ಮಾಡಿಲ್ಲ!

ಮಾಡಿದ್ದೆ ಅಷ್ಟೆ. 1988ರ ಬೇಸಗೆಯಲ್ಲಿ ಗೆಳೆಯರೊಬ್ಬರು, "ಸರ, ಆ ಡಬ್ಬಿ ತಗೀರಿ, ಗಾಡಿ ಹಾರತದ ನೋಡ್ರಿ" ಎಂದರು. ಆಗ ನಮ್ಮ ಕಡೆ ಪಾಡ್ ಫಿಲ್ಟರ್ ಎಂಬ ಹೆಸರೂ ಇರಲಿಲ್ಲ. ಡಬ್ಬಿ ಬಿಚ್ಚಿಟ್ಟು ಕಾರ್ಬ್ಯುರೇಟರಿನ ಬಾಯಿಗೆ ಚಹಾ ಸೋಸುವ ಜಾಲರಿಯನ್ನು ತಂತಿಯಿಂದ ಬಿಗಿದೆ. ಸದ್ದು ಗಡುಸಾಯಿತು. ಡಬ್ಬಿ ನುಂಗುತ್ತಿದ್ದ ಗಾಳಿಯ ಸಪ್ಪಳ ಹೊರಬಿದ್ದದ್ದನ್ನೇ ನಾನು ವೇಗ ಹೆಚ್ಚಿತೆಂದು ಭಾವಿಸಿದೆ.

ಎರಡು ವಾರದ ನಂತರ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮದುವೆಯೊಂದಕ್ಕೆ ಸುರಪುರಕ್ಕೆ ಹೊರಟೆ. ಮಧ್ಯಾಹ್ನದ ಬಿಸಿಲು, ಎರೆಮಣ್ಣಿನ ಧೂಳು. ಮುಹೂರ್ತ ಮೀರುವುದೆಂದು ಗಾಡಿಯನ್ನು ಪೂರ್ತಿ ವೇಗದಲ್ಲಿ ಬಿಟ್ಟಿದ್ದೆ. ಅರ್ಧ ದಾರಿ ಕಳೆದಿರಬಹುದು, ಕಾವಿಗೆ ಹಿಗ್ಗಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಂಡು ಹಿಂದಿನ ಗಾಲಿ ಒಮ್ಮೆಲೆ ನಿಂತುಬಿಟ್ಟಿತು. ಕ್ಲಚ್ ಹಿಡಿಯುವಷ್ಟು ಅರಿವು ನನಗಿರಲಿಲ್ಲ. ನನಗೆ ತರಚಿದ ಗಾಯಗಳಾದವು. ಆಕೆಯ ಎಡಮೊಣಕೈ ಮುರಿಯಿತು.

ಇಲ್ಲಿಯವರೆಗಿನ ಕಥೆ ಬಂಧುಗಳಿಗೆಲ್ಲ ಗೊತ್ತು. ಜಾಲರಿಯ ಸಂಗತಿಯೊಂದು ಗೊತ್ತಿಲ್ಲ. ಪೆಟ್ರೋಲ್ ಬಂಕಿನ ಹುಡುಗ ಎಣ್ಣೆ ಕಡಿಮೆ ಬೆರೆಸಿದ್ದರಿಂದ ಎಂಜಿನ್ ಜಾಮ್ ಆಯಿತೆಂದು ನಾನೇ ಎಲ್ಲರಿಗೂ ಹೇಳಿದ್ದೆ. ನಡೆದದ್ದು ಬೇರೆ. ಟೆಂಪೋದಲ್ಲಿ ಹೇರಿಕೊಂಡು ತಂದ ಗಾಡಿಗೆ ನಾನು ಮೂರನೆಯ ರಾತ್ರಿ, ಕರೆಂಟು ಇಲ್ಲದ ಹೊತ್ತಿನಲ್ಲಿ, ಕಂದೀಲು ಹಿಡಿದು ಡಬ್ಬಿಯನ್ನು ಮರಳಿ ಕೂರಿಸಿದೆ. ಜಾಲರಿಯನ್ನು ತಿಪ್ಪೆಗೆ ಎಸೆದೆ. ಮರುದಿನ ಬಂದ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡಿದ. ಸರಿಯಾಗಿ ಉರಿದ ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿರಬೇಕು. ಅದು ಸುಣ್ಣದಂತೆ ಬೆಳ್ಳಗಿತ್ತು. "ಡಬ್ಬಿ ಸರಿ ಅದ, ಜೆಟ್ ಸರಿ ಅದ. ಮತ್ತ ಎಣ್ಣಿನೇ ಕಡಿಮಿ ಬಿದ್ದಿರಬೇಕ್ರಿ" ಎಂದು ತಲೆ ಕೆರೆದುಕೊಂಡ. ನಾನು ಹೌದೆಂದೆ. ಹೋಗಿ ಬಂಕಿನ ಮಾಲೀಕರ ಮುಂದೆ ಆ ಹುಡುಗನನ್ನು ಬೈದೆ. ಹದಿನಾರು ಹದಿನೇಳರ ಹುಡುಗ. ಅಳತೆಯ ಡಬ್ಬದಿಂದ ಅಳೆದೇ ಹಾಕಿದ್ದೆನೆಂದು ಎರಡು ಸಲ ಹೇಳಿದ. ಮುಂದಿನ ವಾರ ಅವನು ಅಲ್ಲಿರಲಿಲ್ಲ. ಎಲ್ಲಿಗೆ ಹೋದನೆಂದು ನಾನು ವಿಚಾರಿಸಲಿಲ್ಲ.

ಯುಗಾದಿಯ ದಿನ ಚಾವಡಿಯಲ್ಲಿ ನಮ್ಮ ಮಾತು ಏರುತ್ತಿದ್ದುದನ್ನು ಕೇಳಿ ಅಡುಗೆಮನೆಯಿಂದ ಹೊರಬಂದ ನನ್ನ ಹೆಂಡತಿ, "ಆ ಹುಡುಗಗ ಖರೆ ಹೇಳಿಬಿಡ್ರಿ. ಆವತ್ತು ರಾತ್ರಿ ನೀವು ಕಂದೀಲು ಹಿಡಕೊಂಡು ಕುಂತದ್ದು ನಾ ನೋಡೀನಿ" ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಆ ಮಾತೆತ್ತಿದ್ದು ಅದೇ ಮೊದಲು. ನೆಟ್ಟಗಾಗದ ಎಡಗೈಯಲ್ಲಿ ರೊಟ್ಟಿಯ ಹಿಟ್ಟು ಇನ್ನೂ ಮೆತ್ತಿತ್ತು.

ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಅವನ ವಾದದಲ್ಲಿಯೂ ಹುರುಳಿತ್ತೆಂಬುದನ್ನು ಒಪ್ಪಬೇಕು. ರಬ್ಬರ್ ಸೀಳಿದ ಹಳೆಯ ಡಬ್ಬಿಗಿಂತ ಒಳ್ಳೆಯ ಪಾಡ್ ಫಿಲ್ಟರೇ ಮೇಲು. ಸೀಳಿನಿಂದ ನುಗ್ಗುವ ಗಾಳಿ ಸೋಸಿಯೂ ಇರುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ. ಪಾಡ್ ಹಾಕಿ, ದೊಡ್ಡ ಮೇನ್ ಜೆಟ್ ಕೂರಿಸಿ, ಸೂಜಿಯನ್ನು ಎತ್ತರಿಸಿ, ಮತ್ತೆ ಮತ್ತೆ ಪ್ಲಗ್ ಬಿಚ್ಚಿ ಬಣ್ಣ ನೋಡುವ ತಾಳ್ಮೆಯುಳ್ಳವರು ಹಾಕಿಕೊಳ್ಳಲಿ. ರೇಸಿಗೆಂದು ಹಾಗೆ ಮಾಡುವವರೂ ಇದ್ದಾರೆ. ಆದರೆ ಪಾಡ್ ಬಯಲಿಗೆ ಮುಖ ಮಾಡಿ ಕೂತಿರುತ್ತದೆ. ನಮ್ಮ ಎರೆಹೊಲಗಳ ಧೂಳು, ಹತ್ತಿಯ ಎಳೆ, ಮಳೆಗಾಲದ ರಾಡಿ ಎಲ್ಲವೂ ನೇರ ಅದಕ್ಕೇ. ಬೆಂಗಳೂರಿನ ಡಾಂಬರು ರಸ್ತೆಗೆ ಒಪ್ಪಿದ್ದು ಸಗರದ ದಾರಿಗೆ ಒಪ್ಪಲಾರದು.

ಅವನು ಎರಡು ವಾರದ ನಂತರ ಹೊಸ ರಬ್ಬರ್ ಕೊಳವೆ ಮತ್ತು ಫಿಲ್ಟರನ್ನು ಹುಡುಕಿ ತಂದ. ಡಬ್ಬಿಯ ತುಕ್ಕನ್ನು ಇಬ್ಬರೂ ಕೂತು ಉಜ್ಜಿದೆವು. ನಾಲ್ಕನೆಯ ಕಿಕ್ಕಿಗೆ ಗಾಡಿ ಹೊತ್ತಿತು. ಅವನು ಭೀಮರಾಯನಗುಡಿಯವರೆಗೆ ಓಡಿಸಿಕೊಂಡು ಬಂದು ಪ್ಲಗ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಕಂದು ಬಣ್ಣ. ಹೆಂಡತಿ ಬಾಗಿ ನೋಡಿ, "ಈಗ ಸರಿ ಅದಲ್ಲ?" ಎಂದು ಕೇಳಿ ಒಳಗೆ ಹೋದಳು.

ಆ ಬಂಕಿನ ಹುಡುಗನಿಗೆ ಈಗ ಐವತ್ತು ದಾಟಿರಬೇಕು. 1988ರ ಬೇಸಗೆಯಲ್ಲಿ ಶಹಾಪುರದ ಬಂಕೊಂದರಲ್ಲಿ ಕೆಲಸ ಮಾಡುತ್ತಿದ್ದ, ಮೇಷ್ಟರೊಬ್ಬರಿಂದ ಬೈಸಿಕೊಂಡು ಕೆಲಸ ಬಿಟ್ಟ ಆತನನ್ನು ನಿಮ್ಮಲ್ಲಿ ಯಾರಾದರೂ ಬಲ್ಲಿರಾದರೆ ನನಗೆ ತಿಳಿಸಿರಿ. ಆತ ಅಳೆದೇ ಹಾಕಿದ್ದ.