ಒಂದೇ ಲ್ಯಾಪ್‌ಟಾಪಿನಲ್ಲಿ ಅಕ್ಕನ ಮಳೆ, ತಮ್ಮನ ದಾಳಿಂಬೆ



ಜನವರಿ ಬಂತೆಂದರೆ ನಮ್ಮ ಯುವಕ ಸಂಘದ ವಾಟ್ಸಾಪ್ ಗುಂಪಿಗೆ ಫೀಸು, ಹಾಲ್‌ಟಿಕೆಟ್‌ಗಳ ವಿಚಾರದ ಜೊತೆಗೆ ಕೆಂಪು ಅಕ್ಷರಗಳ ಸ್ಕ್ರೀನ್‌ಶಾಟ್‌ಗಳೂ ಬರತೊಡಗುತ್ತವೆ. ಕೊನೆಯ ವರ್ಷದ ಬಿಎಸ್ಸಿ, ಬಿಸಿಎ ಮಕ್ಕಳ ಪ್ರಾಜೆಕ್ಟಿನ ಕಾಲ ಅದು. "ಅಣ್ಣಾ, ಸೀನಿಯರ್ ಕಡೆ ನಡೀತಿತ್ತಂತ, ನನ್ನ ಕಡೆ ಯಾಕ ನಡೀವಲ್ದು?" ಎಂಬ ಪ್ರಶ್ನೆ ಅದರ ಕೆಳಗೆ ಇದ್ದೇ ಇರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆದು ತಿಳಿಸುವ ಬದಲು, ಈ ವರ್ಷ ನಮ್ಮ ಕೈಗೆ ಬಂದ ಒಂದು ಮನೆಯ ತೊಡಕನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ.

ಅಕ್ಕ ತಮ್ಮ ಇಬ್ಬರಿಗೂ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅಕ್ಕನ ಪ್ರಾಜೆಕ್ಟು ಜತ್ತ ತಾಲೂಕಿನ ಮಳೆ. ನಮ್ಮ ಹಿರಿಯರು "ಮಿರಗಾ ಮಳಿ ಮೊದಲಿನಂಗ ಆಗಂಗಿಲ್ಲ" ಎನ್ನುತ್ತಾರಲ್ಲ, ಅದು ಲೆಕ್ಕದಲ್ಲಿ ಕಾಣುತ್ತದೆಯೇ ಎಂದು ನೋಡುವುದು. ಭಾರತ ಹವಾಮಾನ ಇಲಾಖೆ ದೇಶವನ್ನು 0.25 ಡಿಗ್ರಿಯ ಚೌಕಗಳಾಗಿ ಹಂಚಿ, 1901ರಿಂದ ದಿನದಿನದ ಮಳೆಯನ್ನು ಮಿಲಿಮೀಟರಿನಲ್ಲಿ ಕೊಡುತ್ತದೆ. ಒಂದು ಚೌಕ ಎಂದರೆ ಸುಮಾರು 27 ಕಿಲೋಮೀಟರ್ ಉದ್ದಗಲ. ಜತ್ತ ಊರಿಗೆ ಹತ್ತಿರದ ಬಿಂದು 17.0 ಉತ್ತರ, 75.25 ಪೂರ್ವ. ಆ ಬಿಂದುವಿನಲ್ಲಿ 1991ರಿಂದ 2020ರವರೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕದ 122 ದಿನಗಳ ಮಳೆ ಕೂಡಿಸುವ ಪೈಥಾನ್ ಕೋಡು ಅವಳಿಗೆ ಒಬ್ಬ ಸೀನಿಯರ್‌ನಿಂದ ಸಿಕ್ಕಿತ್ತು. ತಮ್ಮನದು ದಾಳಿಂಬೆ ಎಲೆಯ ಫೋಟೋ ನೋಡಿ ತೇಲ್ಯಾ ರೋಗದ ಕಲೆ ಗುರುತಿಸುವ ಕೆಲಸ. ಅದಕ್ಕೆ ಓಪನ್‌ಸಿವಿ ಬೇಕು.

ಅಕ್ಕ ಕೋಡು ಓಡಿಸಿದಳು, ನಿಂತಿತು. ಯಾರೋ ಹೇಳಿದರೆಂದು ನಂಪೈ ಎಂಬ ಲೈಬ್ರರಿಯನ್ನು ಹಳೆಯದಕ್ಕೆ ಇಳಿಸಿದಳು. ಅವಳದು ಆಗಲೂ ನಡೆಯಲಿಲ್ಲ, ಆದರೆ ತಮ್ಮನದು ನಿಂತುಹೋಯಿತು. ತಮ್ಮ ಮತ್ತೆ ಹೊಸದನ್ನು ಹಾಕಿಕೊಂಡ. ಹೀಗೆ ನಾಲ್ಕು ದಿನ. ಅವರಪ್ಪ "ಇಬ್ಬರೂ ಕೂಡಿ ಅದನ್ನ ಸುಟ್ಟ ಹಾಕ್ರಿ" ಎಂದರಂತೆ. ಅಷ್ಟರಲ್ಲಿ ಅಕ್ಕನ ಮಾರ್ಗದರ್ಶಕರು, ಸೀನಿಯರ್‌ನ ವರದಿಯಲ್ಲಿರುವ ಕೋಷ್ಟಕ ನಿನ್ನ ಕಡೆ ಮತ್ತೆ ಬರದಿದ್ದರೆ ಮುಂದಿನ ವಿಶ್ಲೇಷಣೆ ಒಪ್ಪುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಸಲ್ಲಿಸಲು ಹನ್ನೆರಡು ದಿನ ಉಳಿದಿತ್ತು.

ಡ್ರಿಪ್ ಹಾಕಿದ ಮನೆಯವರಿಗೆ ಇದು ಬೇಗ ತಿಳಿಯುತ್ತದೆ. 16 ಎಂಎಂ ಲ್ಯಾಟರಲ್‌ಗೆ 12 ಎಂಎಂ ಜಾಯಿನರ್ ಕೂರುವುದಿಲ್ಲ. ಪೈಪೂ ಕೆಟ್ಟಿಲ್ಲ, ಜಾಯಿನರೂ ಕೆಟ್ಟಿಲ್ಲ. ಕೋಡಿನಲ್ಲೂ ಹಾಗೆಯೇ. ನಾವು ಬರೆಯುವುದು ನೂರು ಸಾಲು, ಅದು ನಿಂತಿರುವುದು ಬೇರೆಯವರು ಬರೆದ ಲಕ್ಷಗಟ್ಟಲೆ ಸಾಲುಗಳ ಮೇಲೆ. ಪಾಂಡಾಸ್‌ಗೆ ನಂಪೈ ಬೇಕು, ಓಪನ್‌ಸಿವಿಗೂ ನಂಪೈ ಬೇಕು. ಯಾವ ಆವೃತ್ತಿಯ ನಂಪೈ ಎನ್ನುವಲ್ಲಿ ಜಗಳ.

ನಾವು ಮೊದಲು ಮಾಡಿದ ಕೆಲಸ ಏನನ್ನೂ ಹಾಕದೆ, ಏನನ್ನೂ ತೆಗೆಯದೆ ಓದುವುದು. ಕೆಂಪು ಅಕ್ಷರಗಳ ಕೊನೆಯ ಸಾಲಿನಲ್ಲೇ ಹೆಚ್ಚಿನ ಸಲ ಉತ್ತರ ಇರುತ್ತದೆ. ಅಕ್ಕನ ಪರದೆಯ ಕೊನೆಯ ಸಾಲು, ನಂಪೈಯಲ್ಲಿ 'ಫ್ಲೋಟ್' ಎಂಬುದೇ ಇಲ್ಲ ಎನ್ನುತ್ತಿತ್ತು. 'ಎನ್‌ಪಿ ಡಾಟ್ ಫ್ಲೋಟ್' ಎಂದು ಬರೆಯುವ ರೂಢಿಯನ್ನು ನಂಪೈಯವರು 1.20ರಲ್ಲಿ ಬೇಡವೆಂದರು, 2022ರ ಡಿಸೆಂಬರಿನ 1.24ರಲ್ಲಿ ತೆಗೆದೇಬಿಟ್ಟರು. ಅವಳು ಇಳಿಸಿಕೊಂಡದ್ದು 1.26ಕ್ಕೆ. ಅದರಲ್ಲೂ ಅದು ಇರಲು ಸಾಧ್ಯವಿಲ್ಲ. 1.19ಕ್ಕೆ ಇಳಿಸೋಣವೆಂದರೆ ಲ್ಯಾಪ್‌ಟಾಪಿನಲ್ಲಿರುವುದು ಪೈಥಾನ್ 3.12. ಅದರ ಜೊತೆ ಕೂಡುವ ನಂಪೈ ಶುರುವಾಗುವುದೇ 1.26ರಿಂದ. ಕೋಡಿನಲ್ಲಿ ಮುಂದೆ ಪಾಂಡಾಸ್‌ನ 'ಅಪೆಂಡ್' ಕೂಡ ಇತ್ತು. ಅದನ್ನು 2023ರ ಏಪ್ರಿಲ್‌ನ ಪಾಂಡಾಸ್ 2.0ರಲ್ಲಿ ತೆಗೆದಿದ್ದಾರೆ. ಇನ್ನು ತಮ್ಮ ಹಾಕಿಕೊಂಡ ಓಪನ್‌ಸಿವಿ ಹೊಸದು, ಅದು ನಂಪೈ 2 ಅಥವಾ ಅದರ ಮೇಲಿನದೇ ಬೇಕು ಎನ್ನುತ್ತದೆ. ಅಂದರೆ ಇಬ್ಬರಿಗೂ ಒಪ್ಪುವ ಒಂದು ನಂಪೈ ಇರಲೇ ಇಲ್ಲ. ನಾಲ್ಕು ದಿನವಲ್ಲ, ನಾಲ್ಕು ತಿಂಗಳು ಹುಡುಕಿದರೂ ಸಿಗುತ್ತಿರಲಿಲ್ಲ.

ಪಿಪ್ ಇದನ್ನು ಮೊದಲೇ ಯಾಕೆ ತಡೆಯಲಿಲ್ಲ ಎಂದು ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆ. 2020ರ ನವೆಂಬರಿನ 20.3 ಆವೃತ್ತಿಯಿಂದ ಪಿಪ್ ಎಲ್ಲರ ಬೇಡಿಕೆಯನ್ನೂ ಕೂಡಿಸಿ ನೋಡಿ ಹೊಂದುವುದನ್ನು ಹುಡುಕುತ್ತದೆ. ಆದರೆ ಒಂದೇ ಆಜ್ಞೆಯಲ್ಲಿ ಕೊಟ್ಟ ಹೆಸರುಗಳಿಗೆ ಮಾತ್ರ. ಇವತ್ತು ಒಂದು, ನಾಳೆ ಇನ್ನೊಂದು ಎಂದು ಹಾಕಿದರೆ ಮೊದಲಿನದು ಮುರಿದರೂ ಕೊನೆಗೊಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತದೆ. ಆ ಎಚ್ಚರಿಕೆಯನ್ನು ನಾವ್ಯಾರೂ ಓದುವುದಿಲ್ಲ. 'ಪಿಪ್ ಚೆಕ್' ಎಂದು ಕೊಟ್ಟರೆ ಯಾರಿಗೆ ಯಾರು ಹೊಂದುತ್ತಿಲ್ಲ ಎಂದು ಹೆಸರು ಹಿಡಿದು ಹೇಳುತ್ತದೆ.

ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಕೋಣೆ ಮಾಡಿದೆವು. ತಮ್ಮನಿಗೆ ಪೈಥಾನ್ ಜೊತೆಗೇ ಬರುವ ವೆನ್ವ್ ಸಾಕಾಯಿತು. ಅಕ್ಕನಿಗೆ ಪೈಥಾನೇ ಹಳೆಯದು ಬೇಕಾದ್ದರಿಂದ ವೆನ್ವ್‌ನಿಂದ ಆಗುವುದಿಲ್ಲ. ಅವಳಿಗೆ ಮಿನಿಫೋರ್ಜ್ ಹಾಕಿ, ಕೊಂಡಾದಿಂದ ಪೈಥಾನ್ 3.8ರ ಕೋಣೆ ಕಟ್ಟಿದೆವು. ಒಳಗೆ ಯಾವ ಆವೃತ್ತಿಗಳು? ಸೀನಿಯರ್ ಬರೆದಿಟ್ಟಿರಲಿಲ್ಲ. ಆದರೆ ಕೋಡಿನ ಫೈಲಿಗೆ 2020ರ ಕೊನೆಯ ತಾರೀಖು ಇತ್ತು. ಪ್ರತಿ ಲೈಬ್ರರಿಯ ಯಾವ ಆವೃತ್ತಿ ಯಾವ ದಿನ ಬಂತೆಂದು ಪೈಪಿಐ ತಾಣದಲ್ಲಿ ಸಾಲಾಗಿ ಇರುತ್ತದೆ. ಆ ದಿನಗಳಲ್ಲಿ ಇದ್ದದ್ದು ನಂಪೈ 1.19, ಪಾಂಡಾಸ್ 1.1. ಅವನ್ನೇ ಹಾಕಿದೆವು. ಕೋಡಿನ ಒಂದಕ್ಷರ ಮುಟ್ಟದೆ ಓಡಿಸಿದಾಗ ಸೀನಿಯರ್‌ನ ಕೋಷ್ಟಕ ಅಂಕಿಗೆ ಅಂಕಿ ಹಾಗೆಯೇ ಬಂತು.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪೈಥಾನ್ 3.8ಕ್ಕೆ 2024ರ ಅಕ್ಟೋಬರಿನಿಂದ ಭದ್ರತೆಯ ತಿದ್ದುಪಡಿಗಳೂ ಬರುತ್ತಿಲ್ಲ. ಮುಂದಿನ ವರ್ಷದವರಿಗೆ ಇದೇ ಹಳೆಯ ಕೋಣೆಯನ್ನು ದಾಟಿಸುವುದು ನಮಗೆ ಸರಿಕಾಣಲಿಲ್ಲ. ಹಾಗಾಗಿ ಅಕ್ಕನಿಗಾಗಿ ಇನ್ನೊಂದು ಹೊಸ ಕೋಣೆ ಮಾಡಿ ಪೈಥಾನ್ 3.12, ನಂಪೈ 2, ಹೊಸ ಪಾಂಡಾಸ್ ಹಾಕಿದೆವು. 'ಎನ್‌ಪಿ ಡಾಟ್ ಫ್ಲೋಟ್' ಇದ್ದಲ್ಲಿ ಬರೀ 'ಫ್ಲೋಟ್', 'ಅಪೆಂಡ್' ಇದ್ದಲ್ಲಿ 'ಕಾನ್‌ಕ್ಯಾಟ್'. ಓಡಿತು. ಕೆಂಪು ಅಕ್ಷರ ಒಂದೂ ಇಲ್ಲ. ಹುಡುಗರು ಚಪ್ಪಾಳೆಯನ್ನೂ ತಟ್ಟಿದರು. ಅಕ್ಕ ಮಾತ್ರ ಎರಡು ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟು, "ಮೂವತ್ತ ವರ್ಷದ ಮೊತ್ತ ಕೂಡವಲ್ದು" ಎಂದಳು.

ನಿಜ. ದಶಮಾಂಶದ ನಂತರದ ಅಂಕಿಗಳು ಬೇರೆ ಇದ್ದವು. ನಮಗೆ ಈ ಇಡೀ ಕೆಲಸದಲ್ಲಿ ಮುಖ್ಯವೆನಿಸಿದ್ದು ಈ ಜಾಗ. ಹವಾಮಾನ ಇಲಾಖೆಯ ಕಡತದಲ್ಲಿ ಮಳೆ 32 ಬಿಟ್ ಸಂಖ್ಯೆಯಾಗಿ ಇರುತ್ತದೆ. ಅಂಥ ಸಂಖ್ಯೆಯಲ್ಲಿ ಸುಮಾರು ಏಳು ಅಂಕಿಗಳಷ್ಟೇ ನಂಬಿಕೆಯವು. ಸೀನಿಯರ್‌ನ ಕೋಡು ಸೊನ್ನೆಯಿಂದ ಶುರುಮಾಡಿ 3660 ದಿನಗಳನ್ನು ಒಂದೊಂದಾಗಿ ಕೂಡಿಸುತ್ತಿತ್ತು. ಹಳೆಯ ನಂಪೈಯಲ್ಲಿ ಪೈಥಾನಿನ ಸಾಮಾನ್ಯ ಸಂಖ್ಯೆಗೆ 32 ಬಿಟ್‌ನ ಒಂಟಿ ಸಂಖ್ಯೆ ಕೂಡಿಸಿದರೆ ಮೊತ್ತ 64 ಬಿಟ್ ಆಗುತ್ತಿತ್ತು. 2024ರ ಜೂನ್‌ನಲ್ಲಿ ಬಂದ ನಂಪೈ 2.0 ಈ ನಿಯಮ ಬದಲಿಸಿದೆ. ಈಗ ಮೊತ್ತ 32 ಬಿಟ್ಟಿನಲ್ಲೇ ಉಳಿಯುತ್ತದೆ. ಮೊತ್ತ ಸಾವಿರಗಳನ್ನು ದಾಟಿದ ಮೇಲೆ ಪ್ರತಿ ಕೂಡಿಕೆಯಲ್ಲೂ ಚೂರು ಚೂರು ಉದುರುತ್ತದೆ. ಇದು ಯಾರ ತಪ್ಪೂ ಅಲ್ಲ. ನಿಯಮ ಬದಲಾದುದನ್ನು ಅವರು ಬಿಡುಗಡೆ ಟಿಪ್ಪಣಿಯಲ್ಲಿ ಬರೆದೇ ಇದ್ದಾರೆ.

ಮಳೆಯ ಮೊತ್ತಕ್ಕೆ ಮಿಲಿಮೀಟರಿನ ನೂರನೇ ಒಂದು ಭಾಗ ಏನೂ ಅಲ್ಲ, ನಮ್ಮ ಬರಗಾಲ ಅದರಿಂದ ಹೆಚ್ಚೂ ಆಗದು ಕಡಿಮೆಯೂ ಆಗದು. ಆದರೆ ಇದೇ ಕೋಡು ಮುಂದೆ ವರ್ಗಗಳ ಮೊತ್ತದಿಂದ ವ್ಯತ್ಯಾಸ ತೆಗೆದು ಏರಿಳಿತ ಹೇಳುತ್ತಿತ್ತು. ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುವಾಗ ಆ ಚೂರುಗಳೇ ದೊಡ್ಡದಾಗಿ ಕಾಣುತ್ತವೆ. ಕಡತ ಓದಿದ ಕೂಡಲೇ ಎಲ್ಲವನ್ನೂ 64 ಬಿಟ್ಟಿಗೆ ತಿರುಗಿಸುವ ಒಂದು ಸಾಲು ಸೇರಿಸಿದೆವು. ಎರಡೂ ಕೋಷ್ಟಕ ಕೂಡಿದವು. ನಿಂತುಹೋಗುವ ಕೋಡಿಗಿಂತ, ಸುಮ್ಮನೆ ಓಡಿ ಬೇರೆ ಉತ್ತರ ಕೊಡುವ ಕೋಡಿಗೆ ಹೆಚ್ಚು ಅಂಜಬೇಕು ಎನ್ನುವುದು ನಮ್ಮ ಅಭಿಪ್ರಾಯ. ಹಳೆಯ ಕೋಣೆ ಕಟ್ಟಿರದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ.

ಅಕ್ಕ ವರದಿಯ ಕೊನೆಗೆ ಒಂದು ಪುಟ ಸೇರಿಸಿದಳು. ಅದರಲ್ಲಿ ಪೈಥಾನ್ ಯಾವುದು, ನಂಪೈ ಯಾವುದು, ಪಾಂಡಾಸ್ ಯಾವುದು, ಮಳೆ ಕಡತ ಇಳಿಸಿಕೊಂಡ ದಿನ ಯಾವುದು ಎಲ್ಲ ಇದೆ. 'ಪಿಪ್ ಫ್ರೀಜ್' ಕೊಟ್ಟರೆ ಪಟ್ಟಿ ತಾನೇ ಬರುತ್ತದೆ, ಅರ್ಧ ನಿಮಿಷದ ಕೆಲಸ. ವೈವಾದಲ್ಲಿ ಮೊದಲ ಪ್ರಶ್ನೆ ಆ ಪುಟದ ಮೇಲೆಯೇ ಬಂತಂತೆ. ತಮ್ಮನ ಎಲೆಗಳು ಇನ್ನೂ ಅರ್ಧ ಸರಿ, ಅರ್ಧ ತಪ್ಪು. ಅದು ಆವೃತ್ತಿಯ ತೊಡಕಲ್ಲ, ಫೋಟೋಗಳು ಕಡಿಮೆ. ತೋಟ ಇದ್ದವರು ಕಲೆ ಬಿದ್ದ ಎಲೆಯ ಫೋಟೋ ತೆಗೆದು ಕಳಿಸಿದರೆ ಅವನಿಗೆ ಉಪಕಾರ.

ಕೊನೆಗೆ ಡೇಟಾದ ಮಾತು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲಿನಲ್ಲಿ ಮೂರು ಕೋಣೆ ಕಟ್ಟುವುದು ಕಷ್ಟ. 'ಪಿಪ್ ಡೌನ್‌ಲೋಡ್' ಕೊಟ್ಟು ಪ್ಯಾಕೇಜ್‌ಗಳನ್ನು ಒಂದು ಫೋಲ್ಡರಿಗೆ ಇಳಿಸಿಕೊಂಡರೆ ನೆಟ್ ಇಲ್ಲದ ಇನ್ನೊಂದು ಲ್ಯಾಪ್‌ಟಾಪಿಗೂ ಹಾಕಬಹುದು. ಎರಡೂ ಕಡೆ ಒಂದೇ ಪೈಥಾನ್, ಒಂದೇ ಬಗೆಯ ವಿಂಡೋಸ್ ಇರಬೇಕು ಅಷ್ಟೆ. ಪೈಥಾನ್ 3.12ಕ್ಕೆ ಹೊಂದುವ ಫೋಲ್ಡರ್ ಒಂದನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿ ಸಭಾಭವನದ ಬೀರುವಿನಲ್ಲಿ ಇಟ್ಟಿದ್ದೇವೆ. ಭಾನುವಾರ ಪೂಜೆ ಮುಗಿದ ಮೇಲೆ ಬಂದು ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್ ಮಾತ್ರ ಮನೆಗೆ ಒಯ್ಯಬೇಡಿ, ಹೋದ ವರ್ಷದ್ದು ಇನ್ನೂ ಯಾರ ಚೀಲದಲ್ಲಿದೆಯೋ ಸಿಕ್ಕಿಲ್ಲ.